ಕಾಲೇಜಿನ ಮಿಗ್-21ಕ್ಕೆ ಬಣ್ಣ ಹೊಡೆಯುವ ಮುಂಚೆ ಒಂದು ಪ್ರಶ್ನೆ: ಇದು ನಿಜವಾಗ್ಲೂ ಬೈಸನ್ನಾ?

ಹಾಸ್ಟೆಲ್_ಮಂಜ

ಎಲ್ಲರಿಗೂ ನಮಸ್ಕಾರ. ನಾನು ಉತ್ತರ ಕರ್ನಾಟಕದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಮೂರನೇ ವರ್ಷ. ಕಾಲೇಜಿನ ಹೆಸರು ಬೇಡ, ಯಾಕೆ ಅಂತ ಓದ್ತಾ ಗೊತ್ತಾಗುತ್ತೆ. ನಮ್ಮ ಗೇಟಿನ ಪಕ್ಕ ಸಿಮೆಂಟ್ ಕಟ್ಟೆ ಮೇಲೆ ಒಂದು ಮಿಗ್-21 ನಿಂತಿದೆ. ಟೈರುಗಳು ಚಪ್ಪಟೆಯಾಗಿವೆ. ಮೈತುಂಬ ಬೆಳ್ಳಿ ಬಣ್ಣ, ಅದೂ ಗೇಟಿಗೆ ಹೊಡೆದ ಅದೇ ಡಬ್ಬದ್ದು ಅಂತ ಕಾಣುತ್ತೆ. ಬಾಲದ ಹತ್ತಿರ ಮೈನಾ ಹಕ್ಕಿಗಳ ಸಂಸಾರ.

ಈಗ ಕಾಲೇಜಿಗೆ ಬೆಳ್ಳಿಹಬ್ಬ. ಇಪ್ಪತ್ತು ದಿನದಲ್ಲಿ ವಿಮಾನ ಫಳಫಳ ಹೊಳೆಯಬೇಕು ಅಂತ ಕಮಿಟಿಯವರು ಹೇಳಿದ್ದಾರೆ. ಫ್ಲೆಕ್ಸ್ ಆಗಲೇ ಪ್ರಿಂಟ್ ಆಗಿದೆ: 'ನಮ್ಮ ಹೆಮ್ಮೆಯ ಮಿಗ್-21 ಬೈಸನ್'. ಬೈಸನ್ ಅಂದ್ರೆ ಮಿಗ್-21 ಯುದ್ಧವಿಮಾನದ ಕೊನೆಗೆ ಬಂದ ಸುಧಾರಿತ ಮಾದರಿ. 2019ರ ಫೆಬ್ರವರಿ 27ರಂದು ಅಭಿನಂದನ್ ಹಾರಿಸಿದ ವಿಮಾನದ ನಂಬರನ್ನೇ ಇದರ ಮೇಲೆ ಬರೆಸೋಣ ಅಂತ ಒಬ್ಬರ ಐಡಿಯಾ. ನಾನು ಎಸ್ಟೇಟ್ ಸೆಕ್ಷನ್ನಿನವರ ಜೊತೆ ಓಡಾಡುವ ಹುಡುಗ, ಅಷ್ಟೇ. ಆದರೆ ಒಂದು ಅನುಮಾನ ತಲೆಗೆ ಹೊಕ್ಕಿದೆ. ಫೋಟೊದಲ್ಲಿ ನೋಡುವ ಬೈಸನ್‌ಗೂ ಇದಕ್ಕೂ ಏನೋ ಹೊಂದ್ತಾ ಇಲ್ಲ. ಏನು ಅಂತ ಬೆರಳಿಟ್ಟು ತೋರಿಸೋಕೆ ಆಗ್ತಾ ಇಲ್ಲ. ನಾಲ್ಕು ಕಡೆಯಿಂದ ಫೋಟೊ ಹಾಕಿದ್ದೇನೆ, ನೋಡಿ ಹೇಳ್ತೀರಾ?

ರನ್‌ವೇ_ಪಕ್ಕದ_ಮನೆ

ಮೊದಲ ಫೋಟೊ ನೋಡಿದ ಕೂಡಲೇ ನಗು ಬಂತು ಮಂಜ. ರೆಕ್ಕೆ ಮೇಲಿನ ವೃತ್ತ ನೋಡು. ಹಸಿರು ಹೊರಗೆ, ಕೇಸರಿ ಒಳಗೆ! ನಮ್ಮ ವಾಯುಸೇನೆಯದ್ದು ಉಲ್ಟಾ. ಕೇಸರಿ ಹೊರಗೆ, ನಡುವೆ ಬಿಳಿ, ಮಧ್ಯದಲ್ಲಿ ಹಸಿರು. ಯಾರೋ ಪೇಂಟರ್ ನೆನಪಿನಿಂದ ಬರೆದಿರಬೇಕು. ಇದನ್ನಂತೂ ಮೊದಲು ಸರಿ ಮಾಡಿ.

ಬೈಸನ್ ಹೌದಾ ಅಲ್ವಾ ಅಂತ ನಾನು ಖಚಿತವಾಗಿ ಹೇಳಲಾರೆ. ಮುಂದಿನ ಗಾಜಿನಲ್ಲಿ ದಪ್ಪ ಚೌಕಟ್ಟು ಕಾಣುತ್ತೆ, ಬೈಸನ್‌ಗೆ ಎದುರುಗಡೆ ಗಾಜು ಒಂದೇ ಗುಳ್ಳೆ ಥರ ಇರುತ್ತೆ. ಅಷ್ಟು ಮಾತ್ರ ಗೊತ್ತು. ಹಳೇ ಏರ್‌ಫ್ರೇಮ್ ಸರ್ ಬರಲಿ, ಅವರು ಬಿಡಿಸಿ ಹೇಳ್ತಾರೆ.

ಹಳೇ_ಏರ್‌ಫ್ರೇಮ್

ಬಂದೆ. ಮೊಮ್ಮಗಳನ್ನು ಸ್ಕೂಲಿಗೆ ಬಿಟ್ಟು ಬರುವಷ್ಟರಲ್ಲಿ ಇಷ್ಟೆಲ್ಲ ಆಗಿದೆ.

ತಮ್ಮಾ, ಇದು ಬೈಸನ್ ಅಲ್ಲ. ಅದರ ಹತ್ತಿರಕ್ಕೂ ಬರಲ್ಲ. ಇದು ಎಫ್‌ಎಲ್, ಮಿಗ್-21ರ ಹಳೇ ಮಾದರಿ. ನಮ್ಮ ಹ್ಯಾಂಗರಿನಲ್ಲಿ ಎಫ್‌ಎಲ್ ಅಂತ ಯಾರೂ ಅನ್ನುತ್ತಿರಲಿಲ್ಲ, ಟೈಪ್ 77 ಅಂತಿದ್ದೆವು. ಅಸ್ಸಾಮಿನ ತೇಜಪುರದಲ್ಲಿ ಈ ಗಾಡಿಯ ಹೊಟ್ಟೆ ಕೆಳಗೇ ನನ್ನ ಎಷ್ಟೋ ವರ್ಷ ಹೋಗಿದೆ, ಹಾಗಾಗಿ ಫೋಟೊ ಮಸುಕಾಗಿದ್ದರೂ ಗುರುತು ಸಿಕ್ಕಿತು.

ಹೇಗೆ ಅಂತ ಹೇಳ್ತೇನೆ, ನೀನೇ ಹೋಗಿ ನೋಡು. ಮೂಗಿನ ತುದಿಯಲ್ಲಿ ಉದ್ದ ಕಡ್ಡಿ ಇದೆಯಲ್ಲ, ಪಿಟೊ ಟ್ಯೂಬ್, ಗಾಳಿಯ ವೇಗ ಅಳೆಯುವುದು. ನಿನ್ನ ಫೋಟೊದಲ್ಲಿ ಅದು ಎಂಜಿನ್ನಿಗೆ ಗಾಳಿ ಎಳೆಯುವ ಬಾಯಿಯ ಮೇಲೆ ನಟ್ಟನಡುವೆ ಇದೆ. ಆಮೇಲೆ ಬಂದ ಮಾದರಿಗಳು, ಎಂ, ಬಿಸ್, ಬೈಸನ್ ಎಲ್ಲದರಲ್ಲೂ ಅದು ಬಲಕ್ಕೆ ಸರಿದಿರುತ್ತೆ. ಇದೊಂದೇ ಸಾಕು. ಆದರೂ ರೆಕ್ಕೆ ಕೆಳಗೆ ಬಗ್ಗಿ ಪೈಲಾನ್ ಎಣಿಸು, ಅಂದರೆ ಕ್ಷಿಪಣಿ ಬಾಂಬು ನೇತುಹಾಕುವ ಕೊಕ್ಕೆ. 77ರಲ್ಲಿ ಆ ಕಡೆ ಒಂದು, ಈ ಕಡೆ ಒಂದು. ಎಂ ಬಂದ ಮೇಲೆ ಎರಡೆರಡಾಯಿತು. ಇನ್ನು ಬೆನ್ನು. ಕಾಕ್‌ಪಿಟ್‌ನಿಂದ ಬಾಲದವರೆಗೆ ಹೋಗುವ ಏಣು ನಿನ್ನದರಲ್ಲಿ ತೆಳ್ಳಗಿದೆ. ಬಿಸ್ ಆಗಿದ್ದರೆ ಬೆನ್ನು ಗೂನು ಬಂದ ಎಮ್ಮೆ ಥರ ದಪ್ಪ ಇರುತ್ತಿತ್ತು, ಅದರೊಳಗೆ ಇಂಧನದ ಟ್ಯಾಂಕ್. ಕ್ಯಾನೊಪಿ, ಅಂದರೆ ಪೈಲಟ್ ತಲೆ ಮೇಲಿನ ಗಾಜಿನಂಥ ಮುಚ್ಚಳ, ತೆಗೆಯುವಂತಿದ್ದರೆ ಅದನ್ನೂ ನೋಡು. 77ರದ್ದು ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತೆ, ಎಂನದ್ದು ಪಕ್ಕಕ್ಕೆ.

ಇನ್ನೊಂದು. ಹೊಟ್ಟೆ ಕೆಳಗೆ ಫಿರಂಗಿ ಹುಡುಕಬೇಡ, ಇಲ್ಲ. 77 ಬರುವಾಗ ಬರೀ ಕ್ಷಿಪಣಿ ಸಾಕು ಅಂತ ರಷ್ಯದವರು ಒಳಗಿನ ಫಿರಂಗಿಯನ್ನೇ ಕಿತ್ತುಹಾಕಿದ್ದರು. ಆಮೇಲೆ ನಮ್ಮವರು ಬೇಕು ಅಂದಾಗ ಜಿಪಿ-9 ಅಂತ ಒಂದು ಡಬ್ಬ ಹೊಟ್ಟೆಗೆ ಕಟ್ಟಿದರು, ಅದರೊಳಗೆ 23 ಮಿಲಿಮೀಟರಿನ ಜೋಡಿ ನಳಿಗೆ.

ಹಾಸ್ಟೆಲ್_ಮಂಜ

ಸರ್, ಓಡಿಹೋಗಿ ನೋಡಿ ಬಂದೆ. ಪೈಲಾನ್ ಒಂದೊಂದೇ. ಕಡ್ಡಿ ನಡುವೆನೇ. ಅದರ ತುದಿಯಲ್ಲಿ ಕಣಜ ಗೂಡು ಕಟ್ಟಿದೆ, ಕಚ್ಚಿಸಿಕೊಂಡೂ ಬಂದೆ. ಕ್ಯಾನೊಪಿ ಬೀಗ ಹಾಕಿದೆ, ಆದರೆ ಹಿಂಜು ಮುಂದುಗಡೆ ಇರೋದು ಕಾಣುತ್ತೆ.

ಎಸ್ಟೇಟ್ ಸರ್‌ಗೆ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: 'ಎರಡೂ ಮಿಗ್-21 ತಾನೇ?'

ಲೆಕ್ಕದ_ಪುಸ್ತಕ

ಅವರು ಕೇಳಿದ್ದರಲ್ಲಿ ತಪ್ಪೇನಿದೆ? ಬೇಜಾರು ಮಾಡಿಕೊಳ್ಳಬೇಡಿ, ಆದರೆ ಗೇಟಿನ ಮುಂದೆ ನಿಂತ ವಿಮಾನದ ಕಡ್ಡಿ ನಡುವೆ ಇದೆಯಾ ಬಲಕ್ಕಿದೆಯಾ ಅಂತ ನೋಡುವವರು ಇಡೀ ಜಿಲ್ಲೆಯಲ್ಲಿ ಮೂರು ಜನ ಇರಬಹುದು. ಮಕ್ಕಳಿಗೆ ಅಭಿನಂದನ್ ಗೊತ್ತು. ಆ ನಂಬರ್ ನೋಡಿ ನಾಲ್ಕು ಜನ ಸೆಲ್ಫಿ ತೆಗೆದುಕೊಂಡರೆ ವಿಮಾನಕ್ಕೆ ಮರ್ಯಾದೆ, ಇಲ್ಲಾಂದ್ರೆ ಮತ್ತೆ ಹಕ್ಕಿ ಗೂಡು.

ಇನ್ನೊಂದು ವಿಷಯ. ವಾಯುಸೇನೆಯೇ ಹೀಗೆ ಮಾಡಿದೆ. 'ಪರಶುರಾಮ' ಅನ್ನುವ ಹಳೇ ಸಾಗಣೆ ವಿಮಾನ, ಡಾಕೋಟ, ನೆನಪಿದೆಯಾ? ನಮ್ಮ ರಾಜ್ಯದಿಂದ ರಾಜ್ಯಸಭೆಗೆ ಹೋಗಿದ್ದ ರಾಜೀವ್ ಚಂದ್ರಶೇಖರ್ ತಮ್ಮ ತಂದೆಯ ನೆನಪಿಗೆ ಕೊಡಿಸಿದ್ದು. ತಂದೆ ಏರ್ ಕಮೋಡೋರ್ ಎಂ.ಕೆ. ಚಂದ್ರಶೇಖರ್ ಡಾಕೋಟ ಪೈಲಟ್. ಐರ್ಲೆಂಡಿನಲ್ಲಿ ಗುಜರಿ ಸೇರುವಂತಿದ್ದ ವಿಮಾನ ಕೊಂಡು, ಇಂಗ್ಲೆಂಡಿನಲ್ಲಿ ರಿಪೇರಿ ಮಾಡಿಸಿ, 2018ರಲ್ಲಿ ಹಾರಿಸಿಕೊಂಡೇ ಭಾರತಕ್ಕೆ ತಂದರು. ಅದರ ಮೇಲಿರುವ ನಂಬರ್ ವಿಪಿ 905. 1947ರ ಅಕ್ಟೋಬರ್ 27ರಂದು ಕಾಶ್ಮೀರ ಉಳಿಸಲು ಸೈನಿಕರನ್ನು ಹೊತ್ತು ಶ್ರೀನಗರದಲ್ಲಿ ಇಳಿದ ಡಾಕೋಟದ ನಂಬರ್ ಅದು. ವಿಮಾನ ಬೇರೆ, ನಂಬರ್ ಬೇರೆ! ಅದಕ್ಕೆ ಎಲ್ಲರೂ ಚಪ್ಪಾಳೆ ಹೊಡೆದೆವು. ಕಾಲೇಜಿನವರು ಮಾಡಿದರೆ ಮಾತ್ರ ತಪ್ಪಾ?

ರನ್‌ವೇ_ಪಕ್ಕದ_ಮನೆ

ಅಯ್ಯೋ, ಇದಕ್ಕೆ ಏನು ಉತ್ತರ ಕೊಡೋದು ಅಂತ ಕಾಫಿ ಆರುವವರೆಗೂ ಯೋಚನೆ ಮಾಡಿದೆ.

ಡಾಕೋಟಕ್ಕೆ ಡಾಕೋಟದ ನಂಬರ್ ಹಾಕಿದರು. ಇನ್ನೊಂದು ವಿಮಾನದ ನೆನಪಿಗೆ ಅಂತ ಹೇಳಿಯೇ ಹಾಕಿದರು, ಯಾರಿಂದಲೂ ಮುಚ್ಚಿಡಲಿಲ್ಲ. ನೀವು ಹೇಳ್ತಿರೋದು ಅಂಬಾಸಿಡರ್ ಕಾರಿಗೆ ಮಾರುತಿ ಅಂತ ಬೋರ್ಡು ಹಾಕಿದ ಹಾಗೆ. ಅದೂ ಯಾವ ಅಂಬಾಸಿಡರ್? ತನ್ನದೇ ಕಥೆ ಇರೋದು.

ಎಫ್‌ಎಲ್ ಅಂದ್ರೆ ಸುಮ್ನೆ ಅಲ್ಲ. 1971ರ ಯುದ್ಧ ಮಾಡಿದ ಮಿಗ್ ಅದೇ. ಡಿಸೆಂಬರ್ 12ರಂದು ಜಾಮ್‌ನಗರದಿಂದ ಎದ್ದ 47ನೇ ಸ್ಕ್ವಾಡ್ರನ್ನಿನ ಎಫ್‌ಎಲ್ ಕಛ್ ಕೊಲ್ಲಿಯ ಮೇಲೆ ಪಾಕಿಸ್ತಾನದ ಎಫ್-104 ಯುದ್ಧವಿಮಾನವನ್ನು ಬೀಳಿಸಿತು, ಹಾರಿಸಿದವರು ಫ್ಲೈಟ್ ಲೆಫ್ಟಿನೆಂಟ್ ಸೋನಿ. ಬೀಳಿಸಿದ್ದು ಹಳೇ ಏರ್‌ಫ್ರೇಮ್ ಸರ್ ಹೇಳಿದ ಅದೇ ಡಬ್ಬದ ಫಿರಂಗಿಯಿಂದ. ಎರಡು ದಿನ ಬಿಟ್ಟು, 14ಕ್ಕೆ, ಢಾಕಾದ ಗವರ್ನರ್ ಬಂಗಲೆಯ ಮೇಲೆ ದಾಳಿ ಮಾಡಿದ್ದೂ ಮಿಗ್‌ಗಳೇ. ಮತ್ತೆ ಎಂಜಿನಿಯರಿಂಗ್ ಕಾಲೇಜಿಗೆ ಇನ್ನೇನು ಬೇಕು ರೀ: ನಾಸಿಕ್‌ನ ಎಚ್‌ಎಎಲ್‌ನಲ್ಲಿ ಮೊದಲು ಕಟ್ಟಿದ ಸೂಪರ್‌ಸಾನಿಕ್, ಶಬ್ದಕ್ಕಿಂತ ವೇಗದ ವಿಮಾನ, ಇದೇ ಎಫ್‌ಎಲ್. ಎಂಜಿನ್ ಒಡಿಶಾದ ಕೋರಾಪುಟ್‌ನಲ್ಲಿ. ಇದನ್ನು ಬರೆಯೋದು ಬಿಟ್ಟು ಇನ್ನೊಬ್ಬರ ನಂಬರ್ ಯಾಕೆ?

ನಮ್ಮಪ್ಪ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದವರು. ವಿಮಾನಪುರದ ಮನೆಯಲ್ಲಿ ನಾವು ಶಬ್ದ ಕೇಳಿಯೇ ಕಿರಣ್ ವಿಮಾನ ಯಾವುದು ಅಜೀತ್ ಯಾವುದು ಅಂತ ಹೇಳ್ತಿದ್ದೆವು. 'ಎಲ್ಲಾ ಒಂದೇ ತಾನೇ' ಅಂತ ಯಾರಾದರೂ ಅಂದರೆ ಅಪ್ಪ ಊಟ ಬಿಟ್ಟು ಏಳ್ತಿದ್ದರು. ಅದೇ ರಕ್ತ, ಏನ್ಮಾಡೋದು.

ಲೆಕ್ಕದ_ಪುಸ್ತಕ

ನಿಮ್ಮಪ್ಪನ ಊಟ ಕೆಡಿಸುವ ಉದ್ದೇಶ ನನಗಿಲ್ಲ ಅಕ್ಕ. 1971ರ ಕಥೆ ಒಪ್ಪಿದೆ. ಅದನ್ನು ಕಮಿಟಿಗೆ ಹೇಳಿ, ನನಗಲ್ಲ.

ಟೂಸಾನ್_ಕನ್ನಡಿಗ

ನಂಬರಿನ ಮಾತು ಬಂದಿದ್ದಕ್ಕೆ ನಡುವೆ ಬಾಯಿ ಹಾಕ್ತೇನೆ. ನಾನಿರೋದು ಅರಿಜೋನದ ಟೂಸಾನ್‌ನಲ್ಲಿ. ಇಲ್ಲಿ ಪೀಮಾ ಅಂತ ದೊಡ್ಡ ವಿಮಾನ ಮ್ಯೂಸಿಯಂ ಇದೆ. ಮೊದಲ ಸಲ ಹೋದಾಗ ಒಂದು ಬಿ-24 ಲಿಬರೇಟರ್ ಮುಂದೆ ನಿಂತು ಬೋರ್ಡು ಓದ್ತಾ ಇದ್ದೆ. ಎರಡನೇ ಮಹಾಯುದ್ಧದ ನಾಲ್ಕು ಎಂಜಿನ್ನಿನ ಬಾಂಬರ್. ಓದ್ತಾ ಓದ್ತಾ ಕಣ್ಣು ನಿಂತಿತು. ಇದು ಭಾರತೀಯ ವಾಯುಸೇನೆಯಲ್ಲಿ ಇದ್ದ ವಿಮಾನ! 1969ರಲ್ಲಿ ಭಾರತದಿಂದ ಇಲ್ಲಿಗೆ ಹಾರಿಕೊಂಡೇ ಬಂದಿದ್ದು.

ಕಥೆ ಗೊತ್ತಿಲ್ಲದವರಿಗೆ. ಯುದ್ಧ ಮುಗಿದಾಗ ಬ್ರಿಟಿಷರು ಕಾನ್ಪುರದಲ್ಲಿ ಸಾಲುಸಾಲು ಲಿಬರೇಟರ್ ಬಿಟ್ಟುಹೋದರು. ಅವು ಅಮೆರಿಕ ಸಾಲವಾಗಿ ಕೊಟ್ಟ ವಿಮಾನ, ವಾಪಸ್ ಕೊಡಬೇಕು ಇಲ್ಲಾ ನಾಶ ಮಾಡಬೇಕು ಅಂತ ಕರಾರು. ನಾಶ ಮಾಡಿದ್ದೂ ಹಾಗೇ, ಮೈಗೆ ತೂತು ಹೊಡೆದು, ಒಳಗಿನ ಉಪಕರಣ ಒಡೆದು, ಎಂಜಿನ್ನಿಗೆ ಮರಳು ಸುರಿದು ಹೋದರು ಅಂತ ಹೇಳ್ತಾರೆ. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಕೈಲಿ ಬಾಂಬರೇ ಇಲ್ಲ. ಆಗ ಬೆಂಗಳೂರಿನ ಎಚ್‌ಎಎಲ್‌ನವರು ಹೋಗಿ ಆ ಗುಜರಿ ನೋಡಿದರು. ಹಾರುವಷ್ಟು ಮಾತ್ರ ಸರಿಮಾಡಿ, ಜಿಮ್ಮಿ ಮುನ್ಷಿ ಅನ್ನುವ ಟೆಸ್ಟ್ ಪೈಲಟ್ ಕಾನ್ಪುರದಿಂದ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಒಂದಲ್ಲ ಎರಡಲ್ಲ, ಸುಮಾರು 40. ಯೋಚನೆ ಮಾಡಿ, ಯಾರೋ ಬೇಕಂತಲೇ ಕೆಡಿಸಿಟ್ಟ ವಿಮಾನದಲ್ಲಿ ಕೂತು ಅಷ್ಟು ದೂರ! ನನಗಂತೂ ನೆನೆಸಿಕೊಂಡರೆ ಕೈ ಬೆವರುತ್ತೆ.

ಬೆಂಗಳೂರಿನವರಿಗೆ ಅದು ಹೊಸ ಗಾಡಿಯೂ ಆಗಿರಲಿಲ್ಲ, ಯುದ್ಧದ ಕಾಲದಲ್ಲಿ ಅಮೆರಿಕದ ಸೇನೆ ಅದೇ ಕಾರ್ಖಾನೆಯನ್ನು ರಿಪೇರಿ ಡಿಪೊ ಮಾಡಿಕೊಂಡಿತ್ತು. 1948ರ ನವೆಂಬರಿನಲ್ಲಿ 5ನೇ ಸ್ಕ್ವಾಡ್ರನ್ ಈ ವಿಮಾನಗಳಿಂದಲೇ ಶುರುವಾಯಿತು. 1968ರವರೆಗೆ ಹಾರಿದವು. ಅಷ್ಟರಲ್ಲಿ ಬೇರೆ ದೇಶದವರು ತಮ್ಮ ಸಾವಿರಾರು ಲಿಬರೇಟರ್‌ಗಳನ್ನು ಕರಗಿಸಿ ಪಾತ್ರೆ ಮಾಡಿಯಾಗಿತ್ತು. ಮ್ಯೂಸಿಯಂಗೆ ಒಂದು ಬೇಕು ಅಂತ ಹುಡುಕಿದಾಗ ಉಳಿದಿದ್ದು ನಮ್ಮಲ್ಲಿ. ಕೆನಡದ ಒಟ್ಟಾವ, ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂ, ಇಲ್ಲಿ ಪೀಮಾ, ಎಲ್ಲಾ ಕಡೆ ಇರೋದು ಭಾರತದಿಂದ ಹೋದವು.

ಈಗ ವಿಷಯಕ್ಕೆ. ಹಳೇ ವಿಮಾನ ಉಳಿಸುವ ಅಮೆರಿಕದ ಕಾಲಿಂಗ್ಸ್ ಫೌಂಡೇಷನ್ ಹತ್ತಿರ ಇರುವ ಲಿಬರೇಟರ್ ಕೂಡ ನಮ್ಮಲ್ಲಿಂದ ಬಂದದ್ದೇ. ಅದಕ್ಕೆ ಮೊದಲು 'ಆಲ್ ಅಮೆರಿಕನ್' ಅಂತ ಬಣ್ಣ, ಆಮೇಲೆ 'ಡ್ರಾಗನ್ ಅಂಡ್ ಹಿಸ್ ಟೇಲ್', ಆಮೇಲೆ 'ವಿಚ್‌ಕ್ರಾಫ್ಟ್'. ಮೂರೂ ಬೇರೆ ವಿಮಾನಗಳ ಹೆಸರು. ವೇಷ ಹಾಕಿಸೋದು ಎಲ್ಲ ಕಡೆ ಇದೆ. ಆದರೆ ಅದರ ನಿಜವಾದ ಕಾರ್ಖಾನೆ ನಂಬರ್ ಯಾವುದು ಅಂತ ಅವರಿಗೂ ಗೊತ್ತು, ಕೇಳಿದವರಿಗೂ ಹೇಳ್ತಾರೆ. ಮಂಜ, ನಿಮ್ಮ ಕಾಲೇಜಿಗೆ ಅದರ ಸ್ವಂತ ನಂಬರ್ ಗೊತ್ತಾ? ಮೊದಲು ಅದು ಹುಡುಕಪ್ಪ. ಮೇಲೆ ಏನು ಬಳಿಯೋದು ಅಂತ ಆಮೇಲೆ ಜಗಳ ಆಡಬಹುದು.

ಹಾಸ್ಟೆಲ್_ಮಂಜ

ಗೊತ್ತಿಲ್ಲ ಅಣ್ಣ. ಆಫೀಸಿನಲ್ಲಿ ಫೈಲ್ ಕೇಳಿದೆ. ಹಳೇ ಕಟ್ಟಡದಿಂದ ಶಿಫ್ಟ್ ಆಗುವಾಗ ಕಳೆದುಹೋಗಿದೆ ಅಂದರು. ಮೈಮೇಲೆ ಎಲ್ಲೂ ನಂಬರಿಲ್ಲ, ಬರೀ ಬೆಳ್ಳಿ ಬಣ್ಣ.

ಹಳೇ_ಏರ್‌ಫ್ರೇಮ್

ಬಣ್ಣದ ಕೆಳಗಿರುತ್ತೆ. ಇವತ್ತು ರಾತ್ರಿ ಒಂದು ಟಾರ್ಚ್ ತೆಗೆದುಕೊಂಡು ಹೋಗು. ಕಾಕ್‌ಪಿಟ್ಟಿಗಿಂತ ಸ್ವಲ್ಪ ಮುಂದೆ, ಮೂಗಿನ ಪಕ್ಕದಲ್ಲಿ, ಟಾರ್ಚನ್ನು ತಗಡಿಗೆ ತಾಗಿಸಿ ಮಲಗಿಸಿ ಹಿಡಿ. ಎದುರಿಂದ ಬೆಳಕು ಬಿಡಬೇಡ, ಪಕ್ಕದಿಂದ ಬಿಡು. ಹಳೇ ಅಕ್ಷರದ ಅಂಚು ಒಂದು ಕೂದಲಿನಷ್ಟು ಉಬ್ಬಿರುತ್ತೆ, ಮೇಲೆ ಎಷ್ಟು ಬಳಿದರೂ ಆ ಉಬ್ಬು ಹೋಗಲ್ಲ, ನೆರಳು ಬೀಳುತ್ತೆ. 77 ಆದರೆ 'ಸಿ' ಅಕ್ಷರದಿಂದ ಶುರುವಾಗುತ್ತೆ. ಬೈಸನ್ ಆಗಿದ್ದರೆ 'ಸಿಯು' ಅಂತಿರುತ್ತಿತ್ತು.

ಮತ್ತೆ ಒಂದು ಮಾತು, ಇದು ತಮಾಷೆ ಅಲ್ಲ. ಕಾಕ್‌ಪಿಟ್ ಬೀಗ ತೆಗೆಯಬೇಡ. ಸೀಟಿನ ಕೆಳಗಿನ ಸಿಡಿಮದ್ದು ತೆಗೆದಿದ್ದಾರೆ ಅಂತ ಕಾಗದ ಇದೆಯಾ ಕೇಳು. ಕೊಡುವಾಗ ತೆಗೆದೇ ಕೊಡ್ತಾರೆ, ಆದರೂ ಫೈಲೇ ಕಳೆದುಹೋದ ಜಾಗದಲ್ಲಿ ನಂಬಿಕೆ ಇಟ್ಟು ಆ ಸೀಟಿನ ಮೇಲೆ ಹುಡುಗರನ್ನು ಕೂರಿಸಬೇಡಿ. ಹಳೇ ಮೀಟರುಗಳ ಮುಳ್ಳಿಗೆ ಕತ್ತಲಲ್ಲಿ ಹೊಳೆಯುವ ಬಣ್ಣ ಇರುತ್ತೆ, ಅದರಲ್ಲಿ ರೇಡಿಯಂ ಇರಬಹುದು. ಗಾಜು ಒಡೆದ ಮೀಟರನ್ನು ಮುಟ್ಟಲೂ ಬೇಡ, ಅದರ ಪುಡಿ ಮೂಗಿಗೆ ಹೋಗಬಾರದು.

ಹಾಸ್ಟೆಲ್_ಮಂಜ

ಸರ್!!! ಕಾಣಿಸಿತು!!!

ರಾತ್ರಿ ಹತ್ತೂವರೆಗೆ ವಾಚ್‌ಮನ್ ಅಣ್ಣನಿಗೆ ಟೀ ಕೊಡಿಸಿ ಒಳಗೆ ಹೋದೆವು. ನಾನು ಟಾರ್ಚ್ ಹಿಡಿದೆ, ರೂಮ್‌ಮೇಟ್ ಫೋಟೊ. ಮೊದಲು ಏನೂ ಇಲ್ಲ, ಬ್ರಷ್ಷಿನ ಗೀರು ಮಾತ್ರ. ಟಾರ್ಚನ್ನು ಇನ್ನೂ ಮಲಗಿಸಿದೆ, ಕೆನ್ನೆಯೇ ತಗಡಿಗೆ ತಾಗುತ್ತಿತ್ತು. ಇದ್ದಕ್ಕಿದ್ದ ಹಾಗೆ ಒಂದು ಬಾಗಿದ ಗೆರೆ ಎದ್ದಿತು, 'ಸಿ' ಅಕ್ಷರದ ಹೊಟ್ಟೆ. ಆಮೇಲೆ ಮೂರು ಅಂಕಿ. ಮೈ ಜುಂ ಅಂತು. ಮೊದಲ ಎರಡು ಅಂಕಿ ಸರಿಯಾಗಿ ಓದಬಹುದು. ಕೊನೆಯದು 3 ಆಗಿರಬಹುದು, 8 ಆಗಿರಬಹುದು, ಆ ಜಾಗದಲ್ಲಿ ಬಣ್ಣ ಹಪ್ಪಳದ ಹಾಗೆ ಎದ್ದಿದೆ.

ಪೂರ್ತಿ ಗೊತ್ತಾಗುವವರೆಗೆ ಇಲ್ಲಿ ನಂಬರ್ ಹಾಕಲ್ಲ. ಅರ್ಧಂಬರ್ಧ ಹಾಕಿದರೆ ಅದೇ ಎಲ್ಲಾ ಕಡೆ ಹರಡುತ್ತೆ, ಅಲ್ವಾ?

ಪೇಂಟ್_ಬೂತ್

ನಮಸ್ಕಾರ ರೀ, ಹುಬ್ಬಳ್ಳಿಯಿಂದ. ಕಾರು ಬಸ್ಸು ಪೇಂಟ್ ಮಾಡೋದು ನಮ್ಮ ಕೆಲಸ. ವಿಮಾನದ ಬಗ್ಗೆ ಏನೂ ಗೊತ್ತಿಲ್ಲ, ಅಲ್ಯುಮಿನಿಯಂ ಬಗ್ಗೆ ಸ್ವಲ್ಪ ಗೊತ್ತು.

ಆ 3–8ರ ಜಾಗಕ್ಕೆ ಯಾರೂ ಮಷಿನ್ ಹಚ್ಚಬಾರದು ನೋಡ್ರಿ. ನೀರು ಹಾಕಿ 600ರ ಉಜ್ಜುವ ಕಾಗದ, ಕೈಯಲ್ಲೇ, ಎರಡು ಬೆರಳಿನಷ್ಟು ಜಾಗ ಮಾತ್ರ. ಬೆಳ್ಳಿ ಹೋಗಿ ಕೆಳಗಿನ ಬಣ್ಣ ಕಂಡ ತಕ್ಷಣ ಇನ್ನೂ ನುಣುಪಾದ 1000ಕ್ಕೆ ಇಳಿಯಿರಿ. ಈರುಳ್ಳಿ ಸಿಪ್ಪೆ ಬಿಡಿಸಿದ ಹಾಗೆ ಒಂದೊಂದೇ ಪದರ ಬರ್ತದ. ಪ್ರತಿ ಪದರಕ್ಕೂ ಫೋಟೊ ತೆಗೀರಿ, ಯಾಕಂದ್ರೆ ಒಮ್ಮೆ ಹೋದರೆ ಹೋಯಿತು.

ಮೈಗೆಲ್ಲ ಬಣ್ಣ ಹೊಡೆಯುವಾಗ: ಕಬ್ಬಿಣದ ಬ್ರಷ್ ಬೇಡವೇ ಬೇಡ. ಅದರ ಚೂರು ಅಲ್ಯುಮಿನಿಯಂ ಒಳಗೆ ಕೂತು ಆಮೇಲೆ ತುಕ್ಕು ಕಾರ್ತದ. ನೈಲಾನ್ ಪ್ಯಾಡ್ ತಗೊಳ್ರಿ. ಬಿಳಿ ಪುಡಿ ಇರುವ ಕಡೆ ಪೂರ್ತಿ ಗಟ್ಟಿ ಲೋಹ ಸಿಗುವವರೆಗೆ ಉಜ್ಜಬೇಕು, ಮೇಲೆ ಮುಚ್ಚಿದರೆ ಒಳಗೇ ತಿಂತದ. ಆಮೇಲೆ ಎಚ್ (etch) ಪ್ರೈಮರ್, ಲೋಹ ಕಚ್ಚಿ ಹಿಡಿಯೋದು, ಅದರ ಮೇಲೆ ಎಪಾಕ್ಸಿ ಪ್ರೈಮರ್, ಆಮೇಲೆ ಪಿಯು, ಅಂದ್ರ ಪಾಲಿಯುರಿಥೇನ್ ಬಣ್ಣ. ಗೇಟಿಗೆ ಹೊಡೆಯುವ ಎನಾಮಲ್ ಬರೀ ಅಲ್ಯುಮಿನಿಯಂ ಹಿಡಿಯಲ್ಲ, ಅದಕ್ಕೇ ನಿಮ್ಮದು ಹಪ್ಪಳ ಆಗಿರೋದು. ಕ್ಯಾನೊಪಿಗೆ ಥಿನ್ನರ್ ತಾಗಿದರೆ ಗಾಜು ಬೆಳ್ಳಗಾಗಿ ಬಿರುಕು ಬಿಡ್ತದ, ಅದು ಗಾಜಲ್ಲ, ಪ್ಲಾಸ್ಟಿಕ್. ಎರಡು ಸುತ್ತು ಪೇಪರ್ ಸುತ್ತಿ ಟೇಪ್ ಹಾಕ್ರಿ.

ಕಡಲಹಕ್ಕಿ

ಕಾರವಾರದಿಂದ ಒಂದು ಮಾತು. ಬಣ್ಣಕ್ಕಿಂತ ಮೊದಲು ನೀರು ನೋಡಿ. ವಿಮಾನದ ಹೊಟ್ಟೆಯಲ್ಲಿ ಸಣ್ಣಸಣ್ಣ ತೂತು ಇರುತ್ತವೆ, ಮಳೆ ನೀರು ಇಳಿದು ಹೋಗಲಿಕ್ಕೆ. ಹಳೇ ಬಣ್ಣ, ಹಕ್ಕಿ ಕಸ, ಎಲೆ ಸೇರಿ ಅವು ಮುಚ್ಚಿದ್ದರೆ ಒಳಗೆ ಕೆರೆಯೇ ಆಗಿರುತ್ತದೆ. ನಮ್ಮ ಕಡೆ ಮಳೆ ಎಷ್ಟು ಅಂತ ನಿಮಗೆ ಗೊತ್ತಲ್ಲ, ಜೊತೆಗೆ ಉಪ್ಪು ಗಾಳಿ.

ಇಲ್ಲಿ ಟ್ಯಾಗೋರ್ ಕಡಲತೀರದಲ್ಲಿ ಚಾಪೆಲ್ ಯುದ್ಧನೌಕೆ ಪಕ್ಕ ಈಗ ನೌಕಾಪಡೆಯ ಟುಪೊಲೆವ್ 142 ವಿಮಾನವೂ ಇದೆ. 2017ರಲ್ಲಿ ಅರಕ್ಕೋಣಂನಲ್ಲಿ ನಿವೃತ್ತಿಯಾದದ್ದನ್ನು ಬಿಚ್ಚಿ, ಲಾರಿಗಳ ಮೇಲೆ ತಂದು, ಇಲ್ಲಿ ಜೋಡಿಸಿದರು. 53 ಮೀಟರ್ ಉದ್ದ, 50 ಮೀಟರ್ ರೆಕ್ಕೆ. ನಾಲ್ಕು ಎಂಜಿನ್ನು, ಒಂದೊಂದಕ್ಕೂ ಎದುರುಬದುರು ತಿರುಗುವ ಜೋಡಿ ಫ್ಯಾನು. ಅದರ ಪಕ್ಕ ನಿಮ್ಮ ಮಿಗ್ ಮರಿ ಥರ ಕಾಣುತ್ತದೆ. ಆದರೆ ನಾನು ಸಂಜೆ ವಾಕಿಂಗ್ ಹೋದಾಗಲೆಲ್ಲ ಅದನ್ನು ನೋಡಿ ಖುಷಿಗಿಂತ ಚಿಂತೆಯೇ ಜಾಸ್ತಿ ಮಾಡುತ್ತೇನೆ. ತರುವುದು ಒಂದು ಸಲದ ಕೆಲಸ, ತೊಳೆಯುವುದು ವರ್ಷವಿಡೀ ಕೆಲಸ. ಉಪ್ಪನ್ನು ಸಿಹಿನೀರಿನಿಂದ ತೊಳೆಯುತ್ತಲೇ ಇರಬೇಕು. ಫೋಟೊ ತೆಗೆಸಿಕೊಳ್ಳುವವರು ಬಕೆಟ್ ಹಿಡಿಯಲಿಕ್ಕೆ ಬರುವುದಿಲ್ಲ.

ರನ್‌ವೇ_ಪಕ್ಕದ_ಮನೆ

ಕಡಲಹಕ್ಕಿ ಸರಿಯಾಗಿ ಹೇಳಿದಿರಿ. ನಮ್ಮದೇ ಯುದ್ಧವಿಮಾನ ಮಾರುತ್ ನೋಡಿ. ಜರ್ಮನಿಯ ಫಾಕೆವುಲ್ಫ್ 190 ಯುದ್ಧವಿಮಾನ ಮಾಡಿದ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ಎಚ್‌ಎಎಲ್‌ನಲ್ಲಿ ಕೂತು ವಿನ್ಯಾಸ ಮಾಡಿದ್ದು. 1961ರ ಜೂನ್ 17ರಂದು ಸುರಂಜನ್ ದಾಸ್ ಮೊದಲ ಸಲ ಹಾರಿಸಿದರು. 1970ರಲ್ಲಿ ಮಾರುತ್‌ನಲ್ಲೇ ಪ್ರಾಣ ಬಿಟ್ಟರು. ಅವರ ಹೆಸರಿನ ರಸ್ತೆಯಲ್ಲಿ ದಿನಾ ಟ್ರಾಫಿಕ್‌ನಲ್ಲಿ ನಿಂತು ಬೈಯುವವರಲ್ಲಿ ಎಷ್ಟು ಜನಕ್ಕೆ ಅವರು ಯಾರು ಅಂತ ಗೊತ್ತು?

ಒಂದು ಮಾರುತ್ ಜರ್ಮನಿಗೂ ಹೋಗಿದೆ, ಮ್ಯೂನಿಕ್ ಹತ್ತಿರ ಶ್ಲೈಸ್‌ಹೈಮ್‌ನ ಹ್ಯಾಂಗರ್ ಮ್ಯೂಸಿಯಂನಲ್ಲಿ. ನಮ್ಮಲ್ಲಿ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಒಂದಿದೆ, ಎಚ್‌ಎಎಲ್ ಮ್ಯೂಸಿಯಂನಲ್ಲೂ ಇದೆ. ಹೋದಾಗ ಹಿಂದೆ ಹೋಗಿ ಎರಡು ಎಂಜಿನ್ನಿನ ಜೋಡಿ ಬಾಯಿ ನೋಡಿ. ದೂರದಿಂದ ಬ್ರಿಟಿಷ್ ಯುದ್ಧವಿಮಾನ ಹಂಟರ್ ಅಂತ ಮೋಸ ಹೋಗುವವರಿಗೆ ಅದೇ ಗುರುತು, ಹಂಟರ್‌ಗೆ ಒಂದೇ ಬಾಯಿ.

ವಿಷಯ ಬಿಟ್ಟು ಎಲ್ಲೋ ಹೋದೆ, ಕ್ಷಮಿಸಿ. ಮಂಜ, 8ಓ 3ಓ?

ಹಾಸ್ಟೆಲ್_ಮಂಜ

ಅಕ್ಕ, ಒಂದು ಅನಾಹುತ ಆಯ್ತು.

ಬೆಳಿಗ್ಗೆ ಎಂಟಕ್ಕೆ ಕ್ಲಾಸ್ ಇತ್ತು. ಹತ್ತಕ್ಕೆ ಬಂದು ನೋಡಿದರೆ ಕಂಟ್ರಾಕ್ಟರ್ ಕಡೆಯ ಹುಡುಗರು ಮಷಿನ್ ಹಾಕಿ ಎಡಗಡೆ ಮೂಗು ಪೂರ್ತಿ ಉಜ್ಜಿಬಿಟ್ಟಿದ್ದಾರೆ. ಬರೀ ತಗಡು. ಸಿ ಇಲ್ಲ, ಅಂಕಿ ಇಲ್ಲ, ಏನೂ ಇಲ್ಲ. ನೆಲದ ಮೇಲೆ ಬೆಳ್ಳಿ ಪುಡಿ, ಹಸಿರು ಪುಡಿ. ಆ ಹುಡುಗರನ್ನು ಬೈಯೋಕೂ ಆಗಲಿಲ್ಲ, ಅವರು ಹೇಳಿದ ಕೆಲಸ ಮಾಡಿದ್ದಾರೆ, ಪಾಪ ಮೂಗಿಗೆ ಒಂದು ಬಟ್ಟೆ ಕೂಡ ಕಟ್ಟಿರಲಿಲ್ಲ. ನಾನು ಮುಂಚೆನೇ ಟೇಪ್ ಅಂಟಿಸಿ 'ಮುಟ್ಟಬೇಡಿ' ಅಂತ ಬರೆಯಬೇಕಿತ್ತು. ರಾತ್ರಿ ಖುಷಿಯಲ್ಲಿ ಮರೆತೆ.

ಹಳೇ_ಏರ್‌ಫ್ರೇಮ್

ಆಯಿತು ಬಿಡು. ಮೊದಲು ಆ ಹುಡುಗರಿಗೆ ಮಾಸ್ಕ್ ಕೊಡಿಸು. ಹಳೇ ವಿಮಾನದ ಪ್ರೈಮರ್‌ನಲ್ಲಿ ಕ್ರೋಮೇಟ್ ಇರುತ್ತೆ, ಒಣ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ನೀರು ಹಾಕಿ ಉಜ್ಜಲಿ.

ಬಲಗಡೆ ಇನ್ನೂ ಇದೆಯಲ್ಲ? ಅಲ್ಲೂ ನಂಬರ್ ಇರಬೇಕು. ಇಲ್ಲದಿದ್ದರೂ ಚಿಂತೆ ಬೇಡ. ತೆಗೆದು ಹಾಕುವ ಮುಚ್ಚಳಗಳಿವೆಯಲ್ಲ, ಪ್ಯಾನೆಲ್, ಅವುಗಳ ಒಳಮೈಯಲ್ಲಿ ನಂಬರ್ ಇರುತ್ತೆ. ಒಂದು ವಿಮಾನದ ಮುಚ್ಚಳ ಇನ್ನೊಂದಕ್ಕೆ ಸರಿಯಾಗಿ ಕೂರಲ್ಲ, ಹ್ಯಾಂಗರಿನಲ್ಲಿ ಹತ್ತು ವಿಮಾನದ ಮುಚ್ಚಳ ಒಂದೇ ಕಡೆ ಬಿದ್ದಿರುತ್ತಿದ್ದವು, ಅದಕ್ಕೇ ಬರೆದಿಡುತ್ತಿದ್ದೆವು. ಸ್ಕ್ರೂ ಬಿಗಿದಿದ್ದರೆ ಜೋರು ಮಾಡಬೇಡ. ಡಬ್ಲ್ಯೂಡಿ-40 ಹೊಡೆದು ಒಂದು ರಾತ್ರಿ ಬಿಡು. ಸ್ಕ್ರೂ ತಲೆ ಹಾಳಾಗದ ಹಾಗೆ ಅಗಲ ಬ್ಲೇಡಿನ ಸ್ಕ್ರೂಡ್ರೈವರ್ ಬೇಕು.

ಹಾಸ್ಟೆಲ್_ಮಂಜ

ಬಲಗಡೆ ಟಾರ್ಚ್ ಹಾಕಿದೆ ಸರ್. ಅಲ್ಲಿ ಹಳೇ ಬಣ್ಣವೇ ಉದುರಿ ಹೋಗಿದೆ, ಮೇಲೆ ಪುಟ್ಟಿ ಬಳಿದಿದ್ದಾರೆ. ಏನೂ ಸಿಗಲಿಲ್ಲ.

ನಿನ್ನೆ ಸ್ಕ್ರೂಗಳಿಗೆ ಎಣ್ಣೆ ಬಿಟ್ಟಿದ್ದೆ, ಇವತ್ತು ಎರಡು ಪ್ಯಾನೆಲ್ ಬಿಚ್ಚಿದೆವು. ಮೊದಲನೆಯದು ಹೊಟ್ಟೆ ಕೆಳಗೆ. ಒಂಬತ್ತು ಸ್ಕ್ರೂ ಬಂತು, ಹತ್ತನೆಯದರ ತಲೆ ಕಿತ್ತುಹೋಯಿತು, ಅದಕ್ಕೆ ಅರ್ಧ ದಿನ. ತೆಗೆದಾಗ ಮೊದಲು ಒಂದು ಬಕೆಟ್ ಕಪ್ಪು ನೀರು ಮುಖದ ಮೇಲೆ ಬಿತ್ತು, ಕಡಲಹಕ್ಕಿ ಸರ್ ಹೇಳಿದ ಕೆರೆ. ಆಮೇಲೆ ಮುಚ್ಚಳ ತಿರುಗಿಸಿದರೆ ಒಳಗೆ ತಿಳಿ ಹಸಿರು ಬಣ್ಣ, ಹೊಸದರ ಹಾಗೆ ಇದೆ. ಕೆಂಪು ಪೇಂಟ್‌ನಲ್ಲಿ ಕೈಬರಹದಲ್ಲಿ ಮೂರು ಅಂಕಿ. ಮೊದಲ ಎರಡು ನಾನು ನೋಡಿದ್ದೇ. ಕೊನೆಯದು 8!

ಕುಣಿದಾಡಿದೆವು. ಆಮೇಲೆ ಎರಡನೇ ಪ್ಯಾನೆಲ್ ತೆಗೆದೆವು. ಅದರಲ್ಲಿ ಬೇರೆಯೇ ನಂಬರ್. ಒಂದೂ ಅಂಕಿ ಹೊಂದಲ್ಲ.

ಹಳೇ_ಏರ್‌ಫ್ರೇಮ್

ಹಹ್ಹ. ಅದು ನಮ್ಮಂಥವರ ಕೆಲಸವೇ. ಬೆಳಿಗ್ಗೆ ಆರಕ್ಕೆ ಗಾಡಿ ಹಾರಬೇಕು, ಒಂದರ ಮುಚ್ಚಳ ಬಾಗಿದೆ, ಪಕ್ಕದ್ದು ಎಂಜಿನ್ ಬಿಚ್ಚಿಟ್ಟು ಸುಮ್ಮನೆ ನಿಂತಿದೆ. ಅದರದ್ದು ತೆಗೆದು, ಅಂಚಿಗೆ ಸ್ವಲ್ಪ ಅರ ಹಾಕಿ, ಇದಕ್ಕೆ ಕೂರಿಸುತ್ತಿದ್ದೆವು. ಹಾಗಾಗಿ ಎರಡು ಪ್ಯಾನೆಲ್ಲಿನಿಂದ ತೀರ್ಮಾನ ಮಾಡಬೇಡ. ಎಷ್ಟು ಆಗುತ್ತೋ ಅಷ್ಟು ತೆಗೆದು ಎಣಿಸು. ಜಾಸ್ತಿ ಯಾವುದಕ್ಕೆ ಬರುತ್ತೋ ಅದು. ಮೂಗಿನ ಮೇಲೆ ಕಂಡ ಎರಡು ಅಂಕಿಯೂ ಅದಕ್ಕೇ ಹೊಂದುತ್ತೆ ಅಂದರೆ ಹೆಚ್ಚುಕಡಿಮೆ 8 ಅಂತಲೇ ನನ್ನ ಲೆಕ್ಕ. ಆದರೂ ಎಣಿಸು.

ಲೆಕ್ಕದ_ಪುಸ್ತಕ

ಮಂಜ, ನಾನು ಇಷ್ಟು ದಿನ ತಕರಾರು ಮಾಡಿದವನು. ಆ ಬೇರೆ ನಂಬರಿನ ಮುಚ್ಚಳಕ್ಕೆ ಬಣ್ಣ ಹೊಡೆದು ಮುಚ್ಚಬೇಡ. ಒಳಗಡೆ ಹಾಗೇ ಬಿಡು. ಕಮಿಟಿ ಏನಂತು?

ಹಾಸ್ಟೆಲ್_ಮಂಜ

ಕಮಿಟಿ ಅರ್ಧ ಒಪ್ಪಿದೆ. ನಮ್ಮ ಎಚ್‌ಒಡಿ ಮೇಡಂಗೆ 1971ರ ಡಿಸೆಂಬರ್ 12ರ ಕಥೆ ಹೇಳಿದೆ, ಅವರು ಮೀಟಿಂಗ್‌ನಲ್ಲಿ ಹೇಳಿದರು. ಇನ್ನೊಬ್ಬರ ನಂಬರ್ ಹಾಕುವ ಮಾತು ನಿಂತಿದೆ. ಹೊಸ ಬೋರ್ಡಿನಲ್ಲಿ 'ಮಿಗ್-21 ಎಫ್‌ಎಲ್, ಎಚ್‌ಎಎಲ್ ನಾಸಿಕ್' ಅಂತ ಬರೀತಾರೆ. ನಾಸಿಕ್ ಅಂತ ಬರೆಯುವ ಮುಂಚೆ ಇದು ಅಲ್ಲೇ ಕಟ್ಟಿದ್ದಾ, ರಷ್ಯದಿಂದ ಬಂದದ್ದಾ ಅಂತ ನಂಬರಿನಿಂದ ಖಚಿತ ಮಾಡಿಕೊಳ್ಳಬೇಕು ಅಂದಿದ್ದೇನೆ. ಆದರೆ ಫ್ಲೆಕ್ಸ್ ಬದಲಾಯಿಸಲ್ಲವಂತೆ, ದುಡ್ಡು ಕೊಟ್ಟಾಗಿದೆ. ಬೆಳ್ಳಿಹಬ್ಬದ ದಿನ ಫ್ಲೆಕ್ಸ್‌ನಲ್ಲಿ ಬೈಸನ್, ಪಕ್ಕದ ಬೋರ್ಡಿನಲ್ಲಿ ಎಫ್‌ಎಲ್. ಬಂದವರು ಕೇಳಿದರೆ ನಾನೇ ನಿಂತು ಉತ್ತರ ಕೊಡಬೇಕಂತೆ.

ವೃತ್ತ ಸರಿ ಮಾಡಿಸಿದೆ, ಕೇಸರಿ ಹೊರಗೆ. ಮೈನಾ ಗೂಡಿನಲ್ಲಿ ಮರಿ ಇವೆ. ಅವು ಹಾರಿಹೋಗುವವರೆಗೆ ಬಾಲಕ್ಕೆ ಬಣ್ಣ ಬೇಡ ಅಂತ ಪೇಂಟರ್ ಅಣ್ಣನೇ ಹೇಳಿದ. ಪಿಟೊ ಕಡ್ಡಿಗೆ ಕಣಜ ಮತ್ತೆ ಬರಬಾರದು ಅಂತ ಟೈಲರ್ ಹತ್ತಿರ ಕೆಂಪು ರೆಕ್ಸಿನ್ ಚೀಲ ಹೊಲಿಸ್ತಿದ್ದೇನೆ.

ಈಗ ಐದು ಪ್ಯಾನೆಲ್ ಆಗಿದೆ ಸರ್. ಮೂರಕ್ಕೆ 8ರ ನಂಬರ್, ಒಂದಕ್ಕೆ ಆ ಬೇರೆಯದು, ಒಂದಕ್ಕೆ ಏನೂ ಇಲ್ಲ. ಆರನೆಯದು ರೆಕ್ಕೆ ಬುಡದಲ್ಲಿದೆ. ಅದಕ್ಕೆ ಎಣ್ಣೆ ಬಿಟ್ಟು, ಮಳೆ ಬರೋ ಹಾಗಿದೆ ಅಂತ ಟಾರ್ಪಾಲ್ ಕಟ್ಟಿ ಈಗಷ್ಟೇ ರೂಮಿಗೆ ಬಂದೆ. ಬೆಳಿಗ್ಗೆ ತೆಗೆದು ಫೋಟೊ ಹಾಕ್ತೇನೆ.